ಮೊದಲು ಬಂದವರು, ಬೇಗ ಬಂದವರು

ಶಿವಮೊಗ್ಗದಿಂದ ಹೊರಟ ಬಸ್ಸು ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿ ಕಡದಕಟ್ಟೆಯ ಹತ್ತಿರ ಬರುತ್ತಿದ್ದಂತೆ, ಕಿಟಕಿಯ ಪಕ್ಕ ಕುಳಿತ ಹಳೆಯ ಭದ್ರಾವತಿಯವರು ಯಾರೇ ಆಗಲಿ, ಒಮ್ಮೆ ಕತ್ತೆತ್ತಿ ಕಾರ್ಖಾನೆಯ ಚಿಮಣಿಯ ಕಡೆ ನೋಡುತ್ತಾರೆ. ಹೊಗೆ ಇದೆಯೋ ಇಲ್ಲವೋ ಎಂದು ನೋಡುವುದು. ಹೊಗೆ ಕಂಡರೆ ಊರಿಗೆ ಅನ್ನ ಎಂದು ನನ್ನ ತಂದೆ ಹೇಳುತ್ತಿದ್ದರು. ಅವರು ಹೋಗಿ ಬಹಳ ವರ್ಷವಾಯಿತು. ನಾನು ಶಿವಮೊಗ್ಗ ಸೇರಿಯೂ ಬಹಳ ವರ್ಷವಾಯಿತು. ಕತ್ತೆತ್ತಿ ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ.

ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆಲ್ಲ ನಾನು ನ್ಯೂ ಟೌನಿನಲ್ಲಿ ಇಳಿದೆ. ಕೈಯಲ್ಲಿದ್ದ ಚೀಲದಲ್ಲಿ ಐವತ್ತು ಮೀಟರಿನ ಒಂದು ಅಳತೆ ಟೇಪು, ಎರಡು ಸೇರಿನಷ್ಟು ಸುಣ್ಣದ ಪುಡಿ, ಒಂದು ಸ್ಟಾಪ್‌ವಾಚ್ ಇದ್ದವು. ಐವತ್ತು ದಾಟಿದ ವಿಜ್ಞಾನದ ಮೇಷ್ಟ್ರು ಇದನ್ನೆಲ್ಲ ಹೊತ್ತುಕೊಂಡು ಚಳಿಯಲ್ಲಿ ಎಲ್ಲಿಗೆ ಹೊರಟರು ಎಂದು ನೀವು ಕೇಳಬಹುದು. ನಾನು ಒಂದು ಸಾಲ ತೀರಿಸಲು ಹೊರಟಿದ್ದೆ.

ಸಾಲದ ಕಥೆ ಹೇಳುವ ಮೊದಲು ಊರಿನ ವಿಚಾರ ಸ್ವಲ್ಪ ಹೇಳಿಬಿಡುತ್ತೇನೆ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೊಳೆಯ ಒಂದು ದಡಕ್ಕೆ ಹಳೇನಗರ, ಅಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ. ಇನ್ನೊಂದು ಕಡೆಗೆ ಕಾರ್ಖಾನೆ, ಅದರ ಜೊತೆಗೇ ಹುಟ್ಟಿದ ನ್ಯೂ ಟೌನು. 1923ರ ಜನವರಿಯಲ್ಲಿ ಕೆಲಸ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಅದನ್ನು ನಿಲ್ಲಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೇ ಕೊನೆಗೆ ಕಾರ್ಖಾನೆಗೂ ಬಂದು ವಿಐಎಸ್‌ಎಲ್ ಆಯಿತು. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನವೂ ಹೊರಬಿತ್ತು. ಆಮೇಲೆ ಹೋರಾಟ, ಮನವಿ, ಭರವಸೆ ಎಲ್ಲ ನಡೆಯಿತು. ಆಚೆ ಪೇಪರ್ ಟೌನಿನ ಕಾಗದ ಕಾರ್ಖಾನೆಯಂತೂ 2015ರಲ್ಲೇ ಉತ್ಪಾದನೆ ನಿಲ್ಲಿಸಿತ್ತು.

ನಾವು ಹುಡುಗರಾಗಿದ್ದಾಗ ಈ ಊರಿನ ಗಡಿಯಾರ ಎಂದರೆ ಸೈರನ್. ಅದು ಕೂಗಿದರೆ ಅಮ್ಮ ಒಲೆ ಹಚ್ಚುವುದು, ಅದು ಕೂಗಿದರೆ ಅಪ್ಪ ಸೈಕಲ್ ಹತ್ತುವುದು. ಟೈಮ್ ಆಫೀಸಿನಲ್ಲಿ ನಿಮಿಷಕ್ಕೂ ಬೆಲೆ ಇತ್ತು. ಇಂಥ ಊರಿನಲ್ಲಿ ಬೆಳೆದವನಿಗೆ ಗಡಿಯಾರದ ಮೇಲೆ ಭಕ್ತಿ ಬರದೆ ಇದ್ದೀತೇ? ಬಿ.ಎಸ್ಸಿ. ಓದುವಾಗ ಆ ಭಕ್ತಿ ಇನ್ನಷ್ಟು ಗಟ್ಟಿಯಾಯಿತು. ಮನುಷ್ಯರ ಅಭಿಪ್ರಾಯ ಬದಲಾದೀತು, ಅಳತೆ ಬದಲಾಗದು ಎಂದು ನಂಬಿದ್ದೆ. ಓಟದ ವಿಷಯದಲ್ಲೂ ಅಷ್ಟೇ. ಯಾರು ಮೊದಲು ಬಂದರು ಎಂಬುದು ಆ ದಿನ ಯಾರು ಯಾರು ಬಂದಿದ್ದರು ಎಂಬುದರ ಮೇಲೆ ಹೋಗುತ್ತದೆ. ಎಷ್ಟು ಸೆಕೆಂಡಿನಲ್ಲಿ ಬಂದರು ಎಂಬುದೊಂದೇ ಸತ್ಯ ಎಂದು ಸ್ಟಾಫ್ ರೂಮಿನಲ್ಲಿ ವಾದಿಸುತ್ತಿದ್ದವನು ನಾನು. ನಮ್ಮ ಪಿ.ಟಿ. ಮೇಷ್ಟ್ರು ನಕ್ಕು, "ಸಾರ್, ಗೆಲ್ಲೋದು ಬೇರೆ, ಅಳೆಯೋದು ಬೇರೆ" ಎನ್ನುತ್ತಿದ್ದರು.

ಈಗ ಸಾಲದ ಕಥೆ. ಕಳೆದ ವರ್ಷ ಶಾಲಾ ಕ್ರೀಡಾಕೂಟವೊಂದರಲ್ಲಿ ನನಗೆ ಸಮಯ ನೋಡುವ ಕೆಲಸ ಬಿತ್ತು. ಹುಡುಗಿಯರ 800 ಮೀಟರ್ ಓಟ. ನಮ್ಮ ಶಾಲೆಯ ಹತ್ತನೆಯ ತರಗತಿಯ ಒಬ್ಬ ಹುಡುಗಿ ಅದರಲ್ಲಿದ್ದಳು. ಮನೆ ನ್ಯೂ ಟೌನಿನ ಹತ್ತಿರ. ತಂದೆ ಮಾಚೇನಹಳ್ಳಿಯ ಕಡೆ ಕೆಲಸಕ್ಕೆ ಹೋಗುವವರು. ಕೊನೆಯ ತಿರುವಿನವರೆಗೂ ಮುಂದಿದ್ದವಳು ಗೆರೆಯ ಹತ್ತಿರ ಇಬ್ಬರಿಗೆ ಸೋತು ಮೂರನೆಯವಳಾದಳು. ಮೂವರ ನಡುವೆ ಇದ್ದದ್ದು ಒಂದು ಮಾರಿನ ಅಂತರ. ಮುಂದಿನ ಹಂತಕ್ಕೆ ಅವಳಿಗೆ ಜಾಗ ಇರಲಿಲ್ಲ. ಸ್ವಲ್ಪ ಹೊತ್ತು ಮಂಡಿ ಹಿಡಿದು ನಿಂತಿದ್ದು, ನೇರ ನನ್ನ ಹತ್ತಿರ ಬಂದು, "ಸಾರ್, ನನ್ ಟೈಮ್ ಎಷ್ಟು?" ಎಂದಳು.

ನನ್ನ ಕೈಯಲ್ಲಿ ಇದ್ದದ್ದು ಒಂದೇ ಗಡಿಯಾರ. ಮೊದಲನೆಯವಳು ಗೆರೆ ಮುಟ್ಟಿದಾಗ ಗುಂಡಿ ಒತ್ತಿ ನಿಲ್ಲಿಸಿದ್ದೆ. ಜೀವಮಾನವೆಲ್ಲ ಸಮಯವೇ ಸತ್ಯ ಎಂದು ಸಾರಿದವನು ಎಂಟು ಮಕ್ಕಳಲ್ಲಿ ಏಳು ಮಕ್ಕಳ ಸಮಯವನ್ನು ಗಾಳಿಗೆ ಬಿಟ್ಟಿದ್ದೆ. "ನೋಡಲಿಲ್ಲ ಕಣಮ್ಮ" ಎಂದೆ. ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅದಕ್ಕೇ ಈ ಚೀಲ, ಈ ಟೇಪು, ಈ ಭಾನುವಾರ.

ನ್ಯೂ ಟೌನಿನ ಅಗಲವಾದ ರಸ್ತೆಗಳಲ್ಲಿ ಬೆಳಗಿನ ನಡಿಗೆಯವರು ಮಫ್ಲರ್ ಸುತ್ತಿಕೊಂಡು ಓಡಾಡುತ್ತಿದ್ದರು. ದೊಡ್ಡ ಮರಗಳು, ಹಂಚಿನ ಕ್ವಾರ್ಟರ್ಸುಗಳು. ಕೆಲವಕ್ಕೆ ಬೀಗ, ಕೆಲವು ಅಂಗಳಗಳಲ್ಲಿ ರಂಗೋಲಿ. ಬಯಲಿನಲ್ಲಿ ಹುಡುಗಿ, ಅವಳ ತಂದೆ, ನಮ್ಮ ಪಿ.ಟಿ. ಮೇಷ್ಟ್ರು ಮೂವರೂ ಬಂದಿದ್ದರು. ಟೇಪು ಹಿಡಿದು 200 ಮೀಟರಿನ ಒಂದು ಸುತ್ತು ಗೆರೆ ಹಾಕಿದೆವು. ನಾಲ್ಕು ಸುತ್ತು ಎಂದರೆ 800 ಮೀಟರ್.

ಗೆರೆ ಹಾಕುವಾಗಲೇ ನನ್ನ ಗಡಿಯಾರದ ಭಕ್ತಿಗೆ ಮೊದಲ ಪೆಟ್ಟು ಬಿತ್ತು. ಗೆರೆಗಿಂತ ಒಂದು ಮೀಟರ್ ಹೊರಗೆ ಓಡಿದರೆ ಎಷ್ಟು ಹೆಚ್ಚಾಗುತ್ತದೆ? ವೃತ್ತದ ಲೆಕ್ಕ ಸುಲಭ. ತ್ರಿಜ್ಯ ಒಂದು ಮೀಟರ್ ಹೆಚ್ಚಿದರೆ ಸುತ್ತಳತೆ 6.28 ಮೀಟರ್ ಹೆಚ್ಚುತ್ತದೆ. ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ಅಷ್ಟೇ. ನಾಲ್ಕು ಸುತ್ತಿಗೆ 25 ಮೀಟರ್. ನಮ್ಮ ಹುಡುಗಿಯ ವೇಗದಲ್ಲಿ ಅದು ಸುಮಾರು ಐದು ಸೆಕೆಂಡು! ಊರೂರಿನ ಮೈದಾನಗಳಲ್ಲಿ ಹಗ್ಗ ಹಿಡಿದು ಹಾಕಿದ ಗೆರೆಗಳ ಮೇಲೆ ಬರೆದುಕೊಂಡ ಸಮಯಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು, ಬೇರೆ ಬೇರೆ ಅಂಗಡಿಯ ತಕ್ಕಡಿಯಲ್ಲಿ ತೂಗಿದ ಬೆಲ್ಲವನ್ನು ಹೋಲಿಸಿದ ಹಾಗೆ.

ಕೈಗಡಿಯಾರದ್ದು ಇನ್ನೊಂದು ಕಥೆ. 100 ಮೀಟರ್ ಓಟದಲ್ಲಿ ಗೆರೆಯ ಹತ್ತಿರ ನಿಂತವನು ಪಿಸ್ತೂಲಿನ ಸದ್ದು ಕೇಳಿ ಗುಂಡಿ ಒತ್ತಿದರೆ, ಸದ್ದು ಅವನ ಕಿವಿಗೆ ಬರುವ ಹೊತ್ತಿಗೇ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಕಳೆದಿರುತ್ತದೆ. ಅದಕ್ಕೇ ಹೊಗೆ ನೋಡಿ ಒತ್ತಬೇಕು ಎನ್ನುವುದು. ಹೊಗೆ ನೋಡಿ ಒತ್ತಿದರೂ ಮನುಷ್ಯನ ಬೆರಳು ತಡ. ಕೈಯಲ್ಲಿ ಅಳೆದ 100 ಮೀಟರ್ ಸಮಯವನ್ನು ವಿದ್ಯುತ್ ಗಡಿಯಾರದ ಸಮಯದ ಜೊತೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವ ಪದ್ಧತಿ ಇರುವುದು ಇದಕ್ಕೇ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ ಎರಡು ಮೀಟರ್ ಮೀರಿದರೆ 100 ಮೀಟರಿನ ದಾಖಲೆಯೇ ಇಲ್ಲ. ಆದರೆ ಗಮನಿಸಿ: ಗಾಳಿ ಎಷ್ಟೇ ಬೀಸಲಿ, ಗೆದ್ದವನ ಗೆಲುವು ಗೆಲುವೇ. ಪಕ್ಕದವನಿಗೂ ಅದೇ ಗಾಳಿ ತಾನೇ!

ನಮ್ಮ ಕರಾವಳಿಯಲ್ಲಿ 2020ರ ಫೆಬ್ರುವರಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ್ದು 9.58. ಸರಿ, ಪ್ರಪಂಚದ ಪತ್ರಿಕೆಗಳೆಲ್ಲ ಕೆಸರುಗದ್ದೆಯ ಕಡೆ ತಿರುಗಿದವು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಎಂಬವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿ ಅದನ್ನೂ ಮುರಿದರು.

ತರಗತಿಯಲ್ಲಿ ಮಕ್ಕಳು ಕೇಳಿದಾಗ ನಾನು ಹೇಳಿದ್ದು ಇಷ್ಟು: ಓಟದಲ್ಲಿ ಹೆಚ್ಚು ಹೊತ್ತು ನುಂಗುವುದು ನಿಂತಲ್ಲಿಂದ ವೇಗ ಪಡೆಯುವ ಮೊದಲ ಭಾಗ. ದೂರ ಹೆಚ್ಚಾದಷ್ಟೂ ಆ ನಷ್ಟ ಹಂಚಿಹೋಗುತ್ತದೆ. ಬೋಲ್ಟ್ ಅದೇ 2009ರಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದಾಗ ಕೊನೆಯ 100 ಮೀಟರಿಗೆ ಹಿಡಿದದ್ದು 8.70 ಸೆಕೆಂಡು. ಅದನ್ನು ಯಾರೂ ವಿಶ್ವದಾಖಲೆ ಎನ್ನಲಿಲ್ಲ. ಮೇಲಾಗಿ ಕಂಬಳದಲ್ಲಿ ಎಳೆಯುವ ಕೋಣಗಳಿವೆ, ತಡೆಯುವ ನೀರಿದೆ. ಆ ಸಮಯ ಕೋಣಗಳದೂ ಹೌದು, ಮನುಷ್ಯನದೂ ಹೌದು. ಗೌಡರೂ ಅದನ್ನೇ ಹೇಳಿದರು. ಟ್ರ್ಯಾಕಿನ ಪರೀಕ್ಷೆಗೆ ಕರೆ ಬಂದರೂ ಹೋಗಲಿಲ್ಲ. ಕಂಬಳದಲ್ಲಿ ಅವರು ಗೆದ್ದ ಪದಕಗಳಿಗೆ ಬೋಲ್ಟನ ಹೋಲಿಕೆಯ ಹಂಗು ಬೇಕಿರಲಿಲ್ಲ. ಅಂದ ಹಾಗೆ, ಅದೇ ಕಂಬಳದ ಕನೆಹಲಗೆ ವಿಭಾಗದಲ್ಲಿ ಎದುರಾಳಿಯೂ ಮುಖ್ಯವಲ್ಲ, ಗಡಿಯಾರವೂ ಮುಖ್ಯವಲ್ಲ. ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಏನನ್ನು ಅಳೆಯಬೇಕು ಎಂಬುದನ್ನು ನಮ್ಮ ಹಿರಿಯರು ಯೋಚಿಸಿಯೇ ಇಟ್ಟಿದ್ದಾರೆ.

ಹಾಗಾದರೆ ಪ್ರಶಸ್ತಿಯೇ ದೊಡ್ಡದೇ? ಅದೂ ಅಷ್ಟು ಸುಲಭವಲ್ಲ. 1984ರ ಆಗಸ್ಟಿನಲ್ಲಿ ಪಿ.ಟಿ. ಉಷಾ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದ ದಿನ ನಮ್ಮ ಸಾಲಿನ ಮನೆಗಳಲ್ಲಿ ಮಾತೇ ನಿಂತಿತ್ತು. ಉಷಾ 55.42, ಮೂರನೆಯ ಸ್ಥಾನ ಪಡೆದ ರುಮೇನಿಯದ ಓಟಗಾರ್ತಿ 55.41. ಮೂವತ್ತೊಂಬತ್ತು ವರ್ಷದ ನಂತರ, 2023ರ ಅಕ್ಟೋಬರಿನಲ್ಲಿ, ಹಾಂಗ್‌ಝೌ ಏಷ್ಯನ್ ಕ್ರೀಡೆಗಳ ಮೊದಲ ಸುತ್ತಿನಲ್ಲಿ ವಿತ್ಯಾ ರಾಮರಾಜ್ ಸರಿಯಾಗಿ ಅದೇ 55.42 ಓಡಿದರು. ಮರುದಿನದ ಅಂತಿಮ ಓಟದಲ್ಲಿ ಅವರ ಸಮಯ 55.68, ಅಂದರೆ ನಿಧಾನ. ಆದರೆ ಅದಕ್ಕೆ ಕಂಚಿನ ಪದಕ ಬಂತು. ಉಷಾ ಅವರ ವೇಗದ ಓಟಕ್ಕೆ ಪದಕವಿಲ್ಲ. ಆದರೂ ಒಂದು ತಲೆಮಾರು ಅವರ ಆ ಓಟವನ್ನು ಮರೆತಿಲ್ಲ.

ತಿರುಗಿಸಿ ನೋಡಿ. 800 ಮೀಟರಿನಲ್ಲಿ ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ 1 ನಿಮಿಷ 45.77 ಸೆಕೆಂಡು ಓಡಿ ಏಳನೆಯವರಾದರು. ಆ ರಾಷ್ಟ್ರೀಯ ದಾಖಲೆ ನಲವತ್ತೆರಡು ವರ್ಷ ನಿಂತಿತು. 2018ರ ಜೂನಿನಲ್ಲಿ ಜಿನ್ಸನ್ ಜಾನ್ಸನ್ 1 ನಿಮಿಷ 45.65ರಲ್ಲಿ ಅದನ್ನು ಮುರಿದರು. ಎರಡು ತಿಂಗಳ ನಂತರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಅವರದೇ ಎಂದು ಎಲ್ಲರೂ ಅಂದುಕೊಂಡಿದ್ದಾಗ, ಯಾರ ಲೆಕ್ಕದಲ್ಲೂ ಇಲ್ಲದ ಮಂಜಿತ್ ಸಿಂಗ್ ಕೊನೆಯ ನೇರ ಓಟದಲ್ಲಿ ನುಗ್ಗಿ 1 ನಿಮಿಷ 46.15ಕ್ಕೆ ಗೆದ್ದರು. ಸಮಯ ನಿಧಾನ, ಚಿನ್ನ ಮಾತ್ರ ಅಪ್ಪಟ. ಜಿನ್ಸನ್ ಎರಡನೆಯವರು. ದಾಖಲೆಯ ಪುಸ್ತಕ ಒಬ್ಬರ ಹೆಸರು ಹೇಳಿತು, ಪದಕದ ಪಟ್ಟಿ ಇನ್ನೊಬ್ಬರ ಹೆಸರು ಹೇಳಿತು. ಎರಡೂ ಸುಳ್ಳಲ್ಲ.

ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಹದಿನೈದಕ್ಕೂ ಹೆಚ್ಚು ವಿಶ್ವದಾಖಲೆ ಮಾಡಿದ ಓಟಗಾರ. ಒಲಿಂಪಿಕ್ ಚಿನ್ನ ಒಂದೂ ಇಲ್ಲ. 1964ರ ಟೋಕಿಯೋದ ಒಂದು ಕಂಚು ಮಾತ್ರ. 1966ರಲ್ಲಿ ಅವರು ಪ್ರಾಗ್‌ಗೆ ಹೋಗಿದ್ದಾಗ ಮಹಾ ಓಟಗಾರ ಎಮಿಲ್ ಜಾಟೋಪೆಕ್ ತಮ್ಮ 1952ರ ಒಲಿಂಪಿಕ್ ಚಿನ್ನದ ಪದಕವೊಂದನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಕೈಯಲ್ಲಿಟ್ಟು ಕಳಿಸಿದರು. ಗಡಿಯಾರ ಕೊಟ್ಟದ್ದಕ್ಕೂ ಲೋಕ ಕೊಟ್ಟದ್ದಕ್ಕೂ ನಡುವೆ ಇದ್ದ ಅಂತರವನ್ನು ಗೆದ್ದವನೊಬ್ಬನೇ ಅರಿತು ತುಂಬಬೇಕಾಯಿತು.

ಭದ್ರಾವತಿಯವರಿಗೆ ಇದನ್ನು ತಿಳಿಸಲು ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ ಎನ್ನಿ. 1949ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಯಾವ ಆಟ ದೊಡ್ಡದು ಎಂದು ಇಲ್ಲಿಯ ಹಳಬರನ್ನು ಕೇಳಿ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ, ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ದಿನ, ಅವರು ಔಟಾಗದೆ ಹೊಡೆದ 97 ಎನ್ನುತ್ತಾರೆ. ಶತಕಗಳ ಪಟ್ಟಿಯಲ್ಲಿ ಅದಿಲ್ಲ. ಆದರೆ ಆ ಪಂದ್ಯವನ್ನು ಭಾರತ ಗೆದ್ದಿತು.

ಮತ್ತೆ ಬಯಲಿಗೆ ಬರೋಣ. ಹುಡುಗಿ ಒಬ್ಬಳೇ ನಾಲ್ಕು ಸುತ್ತು ಓಡಿದಳು. ಗಡಿಯಾರ ತೋರಿಸಿದ್ದು 2 ನಿಮಿಷ 49 ಸೆಕೆಂಡು. ಅವಳಿಗೆ ಸಮಾಧಾನವಾಗಲಿಲ್ಲ. "ಅವತ್ತು ಇದಕ್ಕಿಂತ ಜೋರಾಗಿ ಓಡಿದ್ದೆ ಸಾರ್, ನಂಗೆ ಗೊತ್ತು" ಎಂದಳು. ಅವಳ ತಂದೆ ಬೀಡಿ ಆರಿಸಿ ಹತ್ತಿರ ಬಂದು, "ಮೇಷ್ಟ್ರೇ, ಒಂದು ಮಾತು. ಸರ್ಟಿಫಿಕೇಟಲ್ಲಿ ಟೈಮ್ ಬರೀತಾರಾ?" ಎಂದು ಕೇಳಿದರು. ಬರೆಯುವುದಿಲ್ಲ ಎಂದೆ. ಸ್ಥಾನ ಮಾತ್ರ ಬರೆಯುತ್ತಾರೆ. "ಮತ್ತೆ ಇದನ್ನ ಇಟ್ಕೊಂಡು ಇವಳೇನು ಮಾಡ್ಬೇಕು?"

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಶಾಲಾ ಕ್ರೀಡೆಯ ಏಣಿಯಲ್ಲಿ ಮೇಲೆ ಹತ್ತಿಸುವುದು ಸ್ಥಾನ. ಗಟ್ಟಿ ಓಟಗಾರರಿರುವ ಕಡೆ ಮೂರನೆಯವಳಾದ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಅವಳಿಗಿಂತ ನಿಧಾನ ಓಡಿ ಬೇರೆ ಕಡೆ ಗೆದ್ದವಳು ಮೇಲೆ ಹೋಗುತ್ತಾಳೆ. ಇದು ಅನ್ಯಾಯ ಅನ್ನಿಸುತ್ತದೆ. ಆದರೆ ಸುಣ್ಣದ ಗೆರೆ, ಕೈಗಡಿಯಾರಗಳ ಸಮಯ ನೋಡಿ ಆರಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯವಾದೀತು. ನಮ್ಮಂಥ ಮೈದಾನಗಳಲ್ಲಿ ಸ್ಥಾನವೇ ಹೆಚ್ಚು ಪ್ರಾಮಾಣಿಕ ಅಳತೆ. ಇದನ್ನು ಒಪ್ಪಿಕೊಳ್ಳಲು ನನಗೆ ಮೂವತ್ತು ವರ್ಷ ಬೇಕಾಯಿತು.

ಮುಂದಿನ ಭಾನುವಾರ ಅದೇ ಬಯಲು, ಅದೇ ಗೆರೆ, ಅದೇ ಗಡಿಯಾರ, ಹೆಚ್ಚು ಕಡಿಮೆ ಅದೇ ಚಳಿ. ಒಂದೇ ಬದಲಾವಣೆ: ಅಲ್ಲಿ ದಿನವೂ ಓಡಲು ಬರುವ ಇಬ್ಬರು ಹುಡುಗರನ್ನು ಕರೆದು ಜೊತೆಗೆ ಓಡಿಸಿದೆವು. ಕೊನೆಯ ಸುತ್ತಿನಲ್ಲಿ ಒಬ್ಬನನ್ನು ಹಿಂದೆ ಹಾಕಿ ಅವಳು ಎರಡನೆಯವಳಾದಳು. 2 ನಿಮಿಷ 42 ಸೆಕೆಂಡು. ಮೂರನೆಯ ಭಾನುವಾರ ಮತ್ತೆ ಒಬ್ಬಳೇ: 2 ನಿಮಿಷ 48. ತರಗತಿಯಲ್ಲಿ ನಾವು ಹೇಳಿಕೊಡುವುದು ಇದನ್ನೇ ಅಲ್ಲವೇ, ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಡು ಎಂದು. ಮೂರೇ ಸಲದ ಪ್ರಯೋಗದಿಂದ ನಿಯಮ ಮಾಡಲಾಗದು. ಆದರೆ ಆರೇಳು ಸೆಕೆಂಡು ಎಲ್ಲಿಂದ ಬಂತು ಎಂಬುದರಲ್ಲಿ ಬಯಲಿನಲ್ಲಿ ನಿಂತಿದ್ದ ನಾಲ್ವರಿಗೂ ಅನುಮಾನವಿರಲಿಲ್ಲ. ಮುಂದಿದ್ದ ಹುಡುಗನ ಬೆನ್ನಿನಿಂದ ಬಂತು.

1954ರಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಓಡಿದರು. ಒಂದೂವರೆ ತಿಂಗಳಲ್ಲಿ ಜಾನ್ ಲ್ಯಾಂಡಿ ಆ ದಾಖಲೆಯನ್ನು ಮುರಿದರು. ಆಗಸ್ಟಿನಲ್ಲಿ ವ್ಯಾಂಕೂವರಿನಲ್ಲಿ ಇಬ್ಬರೂ ಎದುರಾದಾಗ, ಮುಂದೆ ಓಡುತ್ತಿದ್ದ ಲ್ಯಾಂಡಿ ಎಡಕ್ಕೆ ತಿರುಗಿ ನೋಡಿದ ಕ್ಷಣದಲ್ಲಿ ಬಲಗಡೆಯಿಂದ ಬ್ಯಾನಿಸ್ಟರ್ ಮುಂದೆ ಹೋದರು. ದಾಖಲೆ ಲ್ಯಾಂಡಿಯದಾಗಿಯೇ ಉಳಿಯಿತು, ಗೆಲುವು ಬ್ಯಾನಿಸ್ಟರರದಾಯಿತು. ಇಬ್ಬರೂ ನಾಲ್ಕು ನಿಮಿಷದೊಳಗೆ ಮುಗಿಸಿದ್ದರು. ದಾಖಲೆ ದೊಡ್ಡದೋ ಪ್ರಶಸ್ತಿ ದೊಡ್ಡದೋ ಎಂದು ಇಷ್ಟು ವರ್ಷ ವಾದಿಸಿದ ನನಗೆ ಈಗ ಅನ್ನಿಸುವುದು ಬೇರೆ. ಓಡುವಾಗ ಮುಂದಿನವನ ಬೆನ್ನನ್ನೇ ನೋಡಬೇಕು. ಸಮಯ ಅದರ ಹಿಂದೆ ತಾನಾಗಿ ಬರುತ್ತದೆ. ಓಟ ಮುಗಿದ ಮೇಲೆ ಗಡಿಯಾರ ನೋಡಬೇಕು. ಯಾಕೆಂದರೆ ಮೊದಲ ಸ್ಥಾನ ಒಂದೇ ಇರುವುದು. ಸಮಯ ಮಾತ್ರ ಕೊನೆಯವನಿಗೂ ಒಂದು ಇರುತ್ತದೆ. ಅದನ್ನು ಮುಂದಿನ ಸಲ ತಾನೇ ಮುರಿಯಬಹುದು.

ಮೂರನೆಯ ಭಾನುವಾರ ಹೊರಡುವಾಗ ತಂದೆಗೆ ಇದನ್ನೇ ಹೇಳಿದೆ. ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಿದರೆಂದು ನನಗನ್ನಿಸಲಿಲ್ಲ. ಹುಡುಗಿ ಮಾತ್ರ ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮೂರು ಸಮಯಗಳನ್ನೂ ತಾರೀಖಿನ ಸಮೇತ ಬರೆದುಕೊಂಡಳು. 2-42ರ ಕೆಳಗೆ ಎರಡು ಗೆರೆ ಎಳೆದಳು.

ಈ ವರ್ಷದ ನಮ್ಮ ಶಾಲೆಯ ಕ್ರೀಡಾದಿನಕ್ಕೆ ಮೂರು ಸ್ಟಾಪ್‌ವಾಚ್ ಒಟ್ಟುಮಾಡಿದ್ದೆವು. ಗೆರೆ ದಾಟಿದ ಪ್ರತಿಯೊಬ್ಬರ ಸಮಯವನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದೆವು. ಬಹುಮಾನ ಹಂಚಿದ ಮೇಲೆ ಮೈದಾನ ಖಾಲಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮಕ್ಕಳು ನನ್ನ ಮೇಜಿನ ಸುತ್ತ ಮುತ್ತಿಕೊಂಡರು. ಎಲ್ಲರಿಗಿಂತ ಹಿಂದೆ, ಎಂಟನೆಯ ತರಗತಿಯ, ಓಟದಲ್ಲಿ ಕೊನೆಯವನಾದ ಒಬ್ಬ ಸಣ್ಣ ಹುಡುಗ ಹೆಬ್ಬೆರಳ ಮೇಲೆ ನಿಂತು ಕತ್ತು ಚಾಚಿ ಕೇಳುತ್ತಿದ್ದ: "ಸಾರ್, ನಂದೆಷ್ಟು?"

ಈ ಸಲ ಬರೆದಿಟ್ಟಿದ್ದೆ.